ಕ್ಯಾಮೆರಾ ಈಗ್ಲೇ ತಗೊಳ್ಳೋದಾ, ಕಾಯೋದಾ? 1839ರಿಂದ ನಡೀತಿರೋ ಕಥೆ

ಭಾಗ 1

ಐದು ತಿಂಗಳಿಂದ ನನ್ನ ತಲೇಲಿ ಒಂದೇ ಪ್ರಶ್ನೆ. ಕ್ಯಾಮೆರಾ ಈಗ ತಗೊಳ್ಳೋದಾ, ಇನ್ನೂ ಸ್ವಲ್ಪ ದಿನ ಕಾಯೋದಾ? ಬೆಂಚಲ್ಲಿ ಪಕ್ಕ ಕೂರೋರನ್ನ ಕೇಳಿ ಕೇಳಿ ಅವರಿಗೇ ಸಾಕಾಗಿ ಹೋಗಿದೆ. ಅದಕ್ಕೆ ಇಲ್ಲಿ ಬರೀತಿದೀನಿ, ಉದ್ದ ಇದೆ, ಬೈಕೋಬೇಡಿ.

ಲೆಕ್ಕ ಹೀಗಿದೆ. ಕೈಯಲ್ಲಿರೋದು 38,000 ರೂಪಾಯಿ. ಎರಡು ಸೀಸನ್ ಮದುವೆ ಮನೆಗಳಲ್ಲಿ ಲೈಟ್ ಹಿಡ್ಕೊಂಡು ನಿಂತಿದ್ದು, ಆಮೇಲೆ ಆಡಿಟರ್ ಆಫೀಸಲ್ಲಿ ಜಿಎಸ್‌ಟಿ ಎಂಟ್ರಿ ಹಾಕಿದ್ದು, ಎರಡೂ ಸೇರಿ. ನನಗೆ ಬೇಕಾದ ಹೊಸ ಮಿರರ್‌ಲೆಸ್ ಕ್ಯಾಮೆರಾಗೆ ಇದು ಸಾಲಲ್ಲ. ಇನ್ನೊಂದು ವರ್ಷ ಕಾದ್ರೆ ಸಾಲುತ್ತೆ. ಅಷ್ಟರಲ್ಲಿ ಅದರ ಮುಂದಿನ ಮಾಡೆಲ್ ಬರುತ್ತೆ, ಈಗಿಂದು ಅಗ್ಗ ಆಗುತ್ತೆ ಅಂತ ಎಲ್ರೂ ಹೇಳ್ತಾರೆ. ಅದೂ ನಿಜಾನೇ.

ಆದ್ರೆ ಹೋದ ತಿಂಗಳು ಊರಿಗೆ ಹೋದಾಗ ನಮ್ಮ ಪೇಟೆ ಬೀದಿ ಗೋಡೆಗಳ ಮೇಲೆಲ್ಲ ಕೆಂಪು ಬಣ್ಣದ ಗುರುತು ಬಿದ್ದಿತ್ತು. ರಸ್ತೆ ಅಗಲ ಮಾಡ್ತಾರಂತೆ, ಎರಡೂ ಕಡೆ ಹನ್ನೆರಡು ಅಡಿ. ಹನ್ನೆರಡು ಅಡಿ ಅಂದ್ರೆ ಆ ಬೀದೀಲಿ ಕೆಲವು ಅಂಗಡಿಗಳು ಪೂರ್ತಿ ಹೋದಂಗೆ. ಪಾತ್ರೆ ಅಂಗಡಿ, ಗಿರಣಿ, ಮರದ ಬಾಗಿಲಿನ ಗ್ರಂಥಿಗೆ ಅಂಗಡಿ, ಅಪ್ಪನ ಸ್ಟುಡಿಯೋ ಇದ್ದ ಮಳಿಗೆ. ಯಾವಾಗ ಕೆಡವ್ತಾರೆ ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಯುಗಾದಿ ಆದ್ಮೇಲೆ ಅಂತಾರೆ, ಮಳೆಗಾಲಕ್ಕೆ ಮುಂಚೆ ಅಂತಾರೆ.

"ಫೋನ್ ಇದೆಯಲ್ಲ ಗುರು" ಅಂತ ಕೇಳೋರಿಗೆ: ಹೌದು, ಇದೆ. ಅವತ್ತೇ ಬೀದಿ ಪೂರ್ತಿ ಫೋನಲ್ಲಿ ತೆಗೆದೆ. ಹೊರಗಡೆ ಬಿಸಿಲಲ್ಲಿ ಚೆನ್ನಾಗೇ ಬಂದಿದೆ. ಅಂಗಡಿ ಒಳಗಡೆ, ಒಂದೇ ಬಲ್ಬಿನ ಬೆಳಕಲ್ಲಿ ಕೂತಿರೋರ ಮುಖ ಮಾತ್ರ ಮೇಣದ ಥರ ಕರಗಿ ಹೋಗಿದೆ. ಒಬ್ಬೊಬ್ಬರಿಗೂ ಅವರ ಅಂಗಡಿಯ ದೊಡ್ಡ ಪ್ರಿಂಟ್ ಹಾಕಿಸಿ ಕೊಡ್ಬೇಕು ಅಂತ ನನ್ನ ಆಸೆ. ಆ ಫೋಟೋ ದೊಡ್ಡದಾಗಿ ಪ್ರಿಂಟ್ ಮಾಡಿದ್ರೆ ಮುಖ ಹಾಕ್ಕೊಳ್ಳೋಕೂ ಆಗಲ್ಲ.

ಕಂಪ್ಯಾರಿಸನ್ ವಿಡಿಯೋ ನೋಡಿ ನೋಡಿ ತಲೆ ಕೆಟ್ಟು, ಅದನ್ನ ಬಿಟ್ಟು ಬೇರೆ ಥರ ಹುಡುಕಿದೆ. ನನಗಿಂತ ಮುಂಚೆ ಇದೇ ಗೊಂದಲದಲ್ಲಿ ಇದ್ದೋರು ಏನ್ ಮಾಡಿದ್ರು?

ಭಾಗ 2

ಶುರು ಮಾಡೋದು ಪ್ಯಾರಿಸ್‌ನಿಂದ. 1839ರ ಆಗಸ್ಟ್ 19ನೇ ತಾರೀಕು ಡಾಗೇರ್ ಅನ್ನೋ ಮನುಷ್ಯನ ಫೋಟೋ ತೆಗೆಯೋ ವಿಧಾನವನ್ನ ಅಲ್ಲಿ ಎಲ್ಲರ ಮುಂದೆ ಬಿಚ್ಚಿಟ್ರು. ಫ್ರೆಂಚ್ ಸರ್ಕಾರ ಡಾಗೇರ್‌ಗೆ ಪಿಂಚಣಿ ಕೊಟ್ಟು ಅದನ್ನ ಜನರಿಗೆ ಬಿಟ್ಟುಕೊಟ್ಟಿತ್ತು. ಹಿಂದೇನೇ ಜಿರೂ ಅನ್ನೋರು ಮಾಡಿದ ಕ್ಯಾಮೆರಾ ಮಾರಾಟಕ್ಕೆ ಬಂತು. ಅಂಗಡಿಯಲ್ಲಿ ದುಡ್ಡು ಕೊಟ್ಟು ತಗೋಬಹುದಾದ ಮೊದಲ ಕ್ಯಾಮೆರಾಗಳಲ್ಲಿ ಅದೂ ಒಂದು. ಬೆಲೆ 400 ಫ್ರಾಂಕ್. ಕೂಲಿ ಮಾಡೋನಿಗೆ ಅದು ತಿಂಗಳುಗಟ್ಟಲೆ ದುಡಿಮೆ. ಪೆಟ್ಟಿಗೆ, ರಾಸಾಯನಿಕ, ತಟ್ಟೆ ಎಲ್ಲ ಸೇರಿದ್ರೆ ಸುಮಾರು 50 ಕೆಜಿ ತೂಕ. ಒಂದು ಮೂಟೆ ಅಕ್ಕಿಗಿಂತ ಜಾಸ್ತಿ.

ಅದರಲ್ಲಿ ಏನ್ ತೆಗೀಬಹುದಿತ್ತು? ಅಲುಗಾಡದೇ ಇರೋದನ್ನ. ಒಂದು ಫೋಟೋಗೆ ನಿಮಿಷಗಟ್ಟಲೆ ಬೆಳಕು ಬೀಳಬೇಕಿತ್ತು. ಡಾಗೇರ್ 1838ರಲ್ಲಿ ತೆಗೆದ 'ಬೂಲ್ವಾರ್ ದು ತಾಂಪ್ಲ್' ರಸ್ತೆಯ ಫೋಟೋ ನೀವು ನೋಡಿರ್ತೀರ. ಗಿಜಿಗುಡೋ ರಸ್ತೆ, ಆದ್ರೆ ಖಾಲಿ ಕಾಣುತ್ತೆ. ಗಾಡಿ, ಕುದುರೆ, ಜನ ಯಾರೂ ನಿಲ್ಲಲಿಲ್ಲ, ಹಂಗಾಗಿ ಯಾರೂ ಮೂಡಲಿಲ್ಲ. ಮೂಲೇಲಿ ಒಬ್ಬ ಬೂಟ್ ಪಾಲಿಶ್ ಮಾಡಿಸ್ಕೊಳ್ತಾ ನಿಂತಿದ್ದ, ಅವನು ಮಾತ್ರ ಉಳ್ಕೊಂಡ.

ಈಗ ನೋಡಿ ಮಜಾ. 1840ರಲ್ಲೇ ವಿಯೆನ್ನಾದ ಪೆಟ್ಸ್ವಾಲ್ ಅನ್ನೋ ಗಣಿತದ ಪ್ರೊಫೆಸರ್ ಎಫ್/3.6ರ ಲೆನ್ಸ್ ಲೆಕ್ಕ ಹಾಕಿದ್ರು, ಫೋಯ್ಟ್‌ಲೆಂಡರ್ ಕಂಪನಿ ಮಾಡ್ತು. ಹಳೇ ಲೆನ್ಸಿಗಿಂತ ಎಷ್ಟೋ ಪಟ್ಟು ಬೆಳಕು ಒಳಗೆ ಬಿಡೋ ಲೆನ್ಸ್. ನಿಮಿಷಗಳ ಕೆಲಸ ಸೆಕೆಂಡುಗಳ ಲೆಕ್ಕಕ್ಕೆ ಇಳೀತು, ಜನರ ಮುಖ ತೆಗೆಯೋಕೆ ಆಯ್ತು. ಅಂದ್ರೆ 1839ರಲ್ಲಿ 400 ಫ್ರಾಂಕ್ ಕೊಟ್ಟೋನು ಎರಡು ವರ್ಷಕ್ಕೇ "ಅಯ್ಯೋ, ಕಾಯ್ಬೇಕಿತ್ತು" ಅಂದಿರ್ಬೇಕು!

(ಹಾಗೆ ಅಂದುಕೊಂಡು ಎಸೆಯದೇ ಇಟ್ಟಿದ್ದ ಒಂದು ಜಿರೂ ಕ್ಯಾಮೆರಾ 2010ರಲ್ಲಿ ವಿಯೆನ್ನಾದ ಹರಾಜಲ್ಲಿ 7 ಲಕ್ಷ ಯೂರೋಗಿಂತ ಜಾಸ್ತಿಗೆ ಹೋಯ್ತು. ಡಿಪ್ರಿಸಿಯೇಷನ್ ಚಾಪ್ಟರ್ ಓದೋವಾಗ ಇದನ್ನ ನೆನೆಸ್ಕೊಳ್ಳಿ.)

ಭಾಗ 3

ಆದ್ರೆ ನನ್ನ ಕಣ್ಣಿಗೆ ಬಿದ್ದಿದ್ದು ಬೇರೆ ವಿಷಯ. ಡಾಗೇರ್ ತೆಗೆದ ಅದೇ ಬೂಲ್ವಾರ್ ದು ತಾಂಪ್ಲ್ ರಸ್ತೆಯ ಒಂದು ಭಾಗವನ್ನ, ನಾಟಕ ಮಂದಿರಗಳಿದ್ದ ಸಾಲನ್ನ, 1862ರಲ್ಲಿ ಕೆಡವಿ ಹಾಕಿದ್ರು. ರಸ್ತೆ ಅಗಲೀಕರಣಾನೇ ಗುರು! ಆಗ ಓಸ್ಮಾನ್ ಅನ್ನೋ ಅಧಿಕಾರಿ ಇಡೀ ಪ್ಯಾರಿಸ್ಸನ್ನ ಅಗೆದು ದೊಡ್ಡ ದೊಡ್ಡ ರಸ್ತೆ ಹಾಕ್ತಿದ್ದ. ಹಳೇ ಓಣಿಗಳು ಸಾಲು ಸಾಲಾಗಿ ಹೋದ್ವು.

ಅದೇ ಕಾಲದಲ್ಲಿ ಪ್ಯಾರಿಸ್ ನಗರದ ಅಧಿಕೃತ ಫೋಟೋಗ್ರಾಫರ್ ಆಗಿದ್ದವನು ಶಾರ್ಲ್ ಮಾರ್ವಿಲ್. (ನಿಜವಾದ ಹೆಸರು ಬೊಸ್ಸು. ಫ್ರೆಂಚಲ್ಲಿ ಆ ಪದಕ್ಕೆ ಗೂನು ಬೆನ್ನಿನವನು ಅಂತ ಅರ್ಥ, ಅದಕ್ಕೆ ಬದಲಾಯಿಸ್ಕೊಂಡ. ಶಾಲೇಲಿ ಎಷ್ಟು ರೇಗಿಸಿದ್ರೋ ಪಾಪ.) ಕೆಡವೋಕೆ ಮುಂಚೆ ಆ ಬೀದಿಗಳ ಫೋಟೋ ತೆಗೆದಿಡು ಅಂತ ಅವನಿಗೆ ಕೆಲಸ ಕೊಟ್ರು. ಸುಮಾರು 425 ಫೋಟೋ ತೆಗೆದ.

ಅವನ ಹತ್ರ ಇದ್ದ ತಂತ್ರ ಎಂಥದ್ದು ಗೊತ್ತಾ? ವೆಟ್ ಕೊಲೋಡಿಯನ್, ಹಸಿ ತಟ್ಟೆ. ಗಾಜಿನ ತಟ್ಟೆಗೆ ಅಲ್ಲೇ ನಿಂತು ಅಂಟು ದ್ರಾವಣ ಬಳೀಬೇಕು, ಕತ್ತಲೆಯಲ್ಲಿ ಬೆಳ್ಳಿ ನೈಟ್ರೇಟಲ್ಲಿ ಅದ್ದಬೇಕು, ಹಸಿ ಇರೋವಾಗ್ಲೇ ಫೋಟೋ ತೆಗೀಬೇಕು, ಒಣಗೋಕೆ ಮುಂಚೆ ಡೆವಲಪ್ ಮಾಡ್ಬೇಕು. ಎಲ್ಲಾ ಸೇರಿ ಹತ್ತು ಹದಿನೈದು ನಿಮಿಷ. ಅಂದ್ರೆ ಕ್ಯಾಮೆರಾ ಹೋದ ಕಡೆಗೆಲ್ಲ ಡಾರ್ಕ್‌ರೂಮೂ ಹೋಗ್ಬೇಕು.

ಮಾರ್ವಿಲ್ ಸ್ವಲ್ಪ ಕಾದಿದ್ರೆ? 1871ರಲ್ಲಿ ಇಂಗ್ಲೆಂಡಿನ ಮ್ಯಾಡಾಕ್ಸ್ ಅನ್ನೋ ಡಾಕ್ಟರ್ ಒಣ ತಟ್ಟೆಯ ದಾರಿ ತೋರಿಸಿದ. 1880ರ ಹೊತ್ತಿಗೆ ಫ್ಯಾಕ್ಟರೀಲೇ ರೆಡಿ ತಟ್ಟೆ ಸಿಗೋಕೆ ಶುರುವಾಯ್ತು. ಬೆನ್ನ ಮೇಲೆ ಡಾರ್ಕ್‌ರೂಮ್ ಹೊರೋದು ತಪ್ತು. ಮಾರ್ವಿಲ್ 1879ರಲ್ಲಿ ತೀರ್ಕೊಂಡ. ಓಣಿಗಳು ಅವನಿಗಿಂತ ಮುಂಚೆ ಹೋಗಿದ್ವು.

ಭಾಗ 4

ಬೆಲೆ ವಿಷಯಕ್ಕೆ ಬರೋಣ. ಬಿಕಾಂ ಓದೋರು ಕಿವಿ ಕೊಟ್ಟು ಕೇಳಿ.

ಅಮೆರಿಕದ ರಾಚೆಸ್ಟರ್ ಅನ್ನೋ ಊರಲ್ಲಿ ಜಾರ್ಜ್ ಈಸ್ಟ್‌ಮನ್ ಅಂತ ಒಬ್ಬ ಬ್ಯಾಂಕ್ ಕ್ಲರ್ಕ್ ಇದ್ದ. ಟೂರ್ ಹೋಗ್ಬೇಕು ಅಂತ ಹಸಿ ತಟ್ಟೆ ಕ್ಯಾಮೆರಾ ಸಾಮಾನೆಲ್ಲ ತಗೊಂಡ. ಟೂರಿಗೆ ಹೋಗ್ಲೇ ಇಲ್ಲ. ಆ ಸಾಮಾನಿನ ಭಾರ ನೋಡಿ "ಇದನ್ನ ಹಗುರ ಮಾಡ್ಬೇಕು" ಅಂತ ರಾತ್ರಿ ಅಡುಗೆ ಮನೇಲಿ ಪ್ರಯೋಗ ಶುರು ಮಾಡ್ದ. 1888ರಲ್ಲಿ ಅವನ ಕೊಡ್ಯಾಕ್ ಕ್ಯಾಮೆರಾ ಬಂತು, ಬೆಲೆ 25 ಡಾಲರ್. ಒಳಗೆ 100 ಫೋಟೋಗೆ ಆಗೋಷ್ಟು ಫಿಲ್ಮ್. ಮುಗಿದ್ಮೇಲೆ ಕ್ಯಾಮೆರಾನೇ ಕಂಪನಿಗೆ ಕಳಿಸಿ 10 ಡಾಲರ್ ಕೊಟ್ರೆ ಫೋಟೋ ತೊಳೆದು, ಹೊಸ ಫಿಲ್ಮ್ ಹಾಕಿ ವಾಪಸ್ ಕಳಿಸ್ತಿದ್ರು. 1900ರಲ್ಲಿ ಅದೇ ಕಂಪನಿ ಬ್ರೌನಿ ತಂತು. ಬೆಲೆ 1 ಡಾಲರ್. ಫಿಲ್ಮ್ 15 ಸೆಂಟ್.

25ರಿಂದ 1ಕ್ಕೆ. ಕಾದೋನಿಗೆ 24 ಡಾಲರ್ ಉಳೀತು. ಆದ್ರೆ ಹನ್ನೆರಡು ವರ್ಷ ಆಯ್ತು. 1888ರಲ್ಲಿ ಎಂಟು ವರ್ಷದ ಮಗು ಇದ್ದ ಮನೇಲಿ ಬ್ರೌನಿ ಬರೋ ಹೊತ್ತಿಗೆ ಆ ಮಗುಗೆ ನನ್ನ ವಯಸ್ಸು.

ಈ ಕಾಯೋ ಬುದ್ಧಿ ಬಗ್ಗೆ ಅರ್ಥಶಾಸ್ತ್ರದಲ್ಲೇ ಒಂದು ಪ್ರಬಂಧ ಇದೆ. ರೊನಾಲ್ಡ್ ಕೋಸ್ 1972ರಲ್ಲಿ ಬರೆದಿದ್ದು (ಆಮೇಲೆ 1991ರಲ್ಲಿ ಅವರಿಗೆ ನೊಬೆಲ್ ಬಂತು). ಬಹಳ ಕಾಲ ಬಾಳಿಕೆ ಬರೋ ವಸ್ತುವನ್ನ ಒಬ್ಬನೇ ಮಾರ್ತಿದ್ರೂ ಅವನು ಬೆಲೆ ಮೇಲೆ ಹಿಡಿದಿಡೋಕೆ ಕಷ್ಟ, ಯಾಕಂದ್ರೆ ನಾಳೆ ಇವನು ಇಳಿಸೇ ಇಳಿಸ್ತಾನೆ ಅಂತ ಗಿರಾಕಿಗೆ ಗೊತ್ತು, ಗಿರಾಕಿ ಕಾಯ್ತಾನೆ. ಅಂದ್ರೆ ನಾವು ಕಾಯೋದು ಸೋಮಾರಿತನ ಅಲ್ಲ, ಥಿಯರಿ! ಮೇಷ್ಟ್ರಿಗೆ ಹೇಳ್ಬೇಕು. ಈಸ್ಟ್‌ಮನ್ ಇದಕ್ಕೆ ದಾರಿ ಮೊದಲೇ ಹುಡುಕಿದ್ದ: ಲಾಭ ಬರ್ಬೇಕಾದ್ದು ಕ್ಯಾಮೆರಾದಿಂದ ಅಲ್ಲ, ಫಿಲ್ಮಿಂದ.

ಭಾಗ 5

ಈಗ ನನಗೆ ತುಂಬಾ ಇಷ್ಟವಾದ ಕಥೆ, ಯಾಕಂದ್ರೆ ಇದರ ಒಂದು ತುಂಡು ನಮ್ಮನೆ ಬೀರುವಿನಲ್ಲೇ ಇದೆ.

1985ರಲ್ಲಿ ಜಪಾನಿನ ಮಿನೋಲ್ಟಾ ಕಂಪನಿ 7000 ಅನ್ನೋ ಕ್ಯಾಮೆರಾ ತಂತು. ಆಟೋಫೋಕಸ್ ಮೋಟಾರ್ ಬಾಡಿ ಒಳಗೇ. ಬಟನ್ ಒತ್ತಿದ್ರೆ ಫೋಕಸ್ ತಾನೇ ಆಗುತ್ತೆ. ಮಿಕ್ಕ ಕಂಪನಿಗಳಿಗೆ ನಡುಕ ಹುಟ್ತು. ಕ್ಯಾನನ್ ಹತ್ರ ಆಗ ಇದ್ದಿದ್ದು 1971ರ ಎಫ್‌ಡಿ ಮೌಂಟ್. ಮೌಂಟ್ ಅಂದ್ರೆ ಲೆನ್ಸು ಬಾಡಿಗೆ ಕೂರೋ ಆ ಬಳೆ. ಮಿನೋಲ್ಟಾ ಬಂದ ಮರುವರ್ಷ, 1986ರಲ್ಲಿ, ಕ್ಯಾನನ್ ಅದೇ ಎಫ್‌ಡಿ ಮೌಂಟಿನ ಟಿ90 ಬಿಡುಗಡೆ ಮಾಡ್ತು. ಈಗ್ಲೂ ಅದನ್ನ ಹೊಗಳೋ ಜನ ಇದಾರೆ, ಕೈಗೆ ಕೂರೋ ಆ ದುಂಡು ಆಕಾರ ಇವತ್ತಿನ ಕ್ಯಾಮೆರಾಗಳಲ್ಲೂ ಕಾಣುತ್ತೆ. ಆಟೋಫೋಕಸ್ ಮಾತ್ರ ಇಲ್ಲ. ದುಡ್ಡಿದ್ದೋರು ತಗೊಂಡ್ರು.

1987ರ ಮಾರ್ಚಲ್ಲಿ ಕ್ಯಾನನ್ ಇಓಎಸ್ 650 ತಂತು. ಹೊಸ ಮೌಂಟ್, ಇಎಫ್. ಹಳೇ ಎಫ್‌ಡಿ ಲೆನ್ಸ್ ಅದಕ್ಕೆ ಕೂರಲ್ಲ.

ಯೋಚ್ನೆ ಮಾಡಿ. ಹೋದ ವರ್ಷ ಕಂಪನಿಯ ಅತ್ಯುತ್ತಮ ಕ್ಯಾಮೆರಾ ಅಂತ ತಗೊಂಡಿದೀರ, ಜೊತೆಗೆ ಐದಾರು ಲೆನ್ಸ್. ಈ ವರ್ಷ ಅದೇ ಕಂಪನಿ "ನಮ್ಮ ದಾರಿ ಬೇರೆ" ಅಂತಿದೆ. ಜನ ಕೆಂಡಾಮಂಡಲ ಆದ್ರು. ನಿಕಾನ್ 1959ರ ಮೌಂಟನ್ನೇ ಇಟ್ಕೊಂಡು ಆಟೋಫೋಕಸ್ ಮಾಡ್ಬಹುದು ಅಂತ ತೋರಿಸಿತ್ತು ಬೇರೆ.

ನಮ್ಮ ದೊಡ್ಡಪ್ಪ ಕ್ಯಾನನ್ ಎಇ-1 ತಗೊಂಡಿದ್ದು ಇದೆಲ್ಲ ಆದ್ಮೇಲೆ, ದುಬೈನಿಂದ ಬಂದ ಪರಿಚಯದವರ ಹತ್ರ. ಅದು 1976ರ ಮಾಡೆಲ್, 50 ಎಂಎಂ ಎಫ್‌ಡಿ ಲೆನ್ಸ್ ಜೊತೆ. ಮೌಂಟ್ ಸತ್ತಿದೆ ಅಂತ ನಮ್ಮೂರಲ್ಲಿ ಯಾರಿಗೂ ಗೊತ್ತಿರ್ಲಿಲ್ಲ, ಗೊತ್ತಾಗೋ ಅಗತ್ಯಾನೂ ಬೀಳಲಿಲ್ಲ. ಅಪ್ಪ ಅದೇ ಕ್ಯಾಮೆರಾದಲ್ಲಿ ಕೆಲಸ ಕಲ್ತು, ಅದೇ ಕ್ಯಾಮೆರಾದಲ್ಲಿ ಹದಿನಾಲ್ಕು ವರ್ಷ ಮದುವೆ ತೆಗೆದ್ರು. ತಾಲ್ಲೂಕಿನ ಎಷ್ಟೋ ಮನೆ ಗೋಡೆ ಮೇಲೆ ಆ 'ಸತ್ತ' ಲೆನ್ಸಿನ ಫೋಟೋಗಳಿವೆ.

ಇಲ್ಲಿಗೆ ಮುಗೀಲಿಲ್ಲ. ಎಫ್‌ಡಿ ಲೆನ್ಸು ಫಿಲ್ಮಿಂದ ಸರಿಯಾಗಿ 42 ಮಿಲಿಮೀಟರ್ ದೂರ ಕೂರ್ಬೇಕು. ಇಎಫ್ ಬಾಡಿಯಲ್ಲಿ ಆ ದೂರ 44. ಎಷ್ಟೇ ಒತ್ತಿ ಹಿಡಿದ್ರೂ 2 ಮಿಲಿಮೀಟರ್ ಜಾಸ್ತಿ, ದೂರದ್ದು ಫೋಕಸ್ ಆಗಲ್ಲ. ಅದಕ್ಕೇ ಡಿಎಸ್‌ಎಲ್‌ಆರ್ ಕಾಲದಲ್ಲೂ ಆ ಲೆನ್ಸ್‌ಗಳು ಬೀರುವಿನಲ್ಲೇ ಉಳಿದ್ವು. ಆಮೇಲೆ 2008ರಲ್ಲಿ ಪ್ಯಾನಸೋನಿಕ್ ಜಿ1 ಬಂತು, ಹಿಂದೆ ಸೋನಿ ಬಂತು. ಮಿರರ್‌ಲೆಸ್, ಅಂದ್ರೆ ಒಳಗೆ ಕನ್ನಡಿ ಇಲ್ಲ, ಹಾಗಾಗಿ ಬಾಡಿ ತೆಳ್ಳಗೆ. ಸೋನಿ ಇ ಮೌಂಟಲ್ಲಿ ಆ ದೂರ 18 ಮಿಲಿಮೀಟರ್ ಅಷ್ಟೆ. ಮಿಕ್ಕ 24 ಮಿಲಿಮೀಟರಿಗೆ ಒಂದು ಟೊಳ್ಳು ಲೋಹದ ಉಂಗುರ ಹಾಕಿದ್ರೆ ಮುಗೀತು. ಒಳಗೆ ಗಾಜೂ ಬೇಡ. ಇಪ್ಪತ್ತು ವರ್ಷ ಅನಾಥವಾಗಿದ್ದ ಲೆನ್ಸ್‌ಗಳಿಗೆ ಮತ್ತೆ ಬೇಡಿಕೆ ಬಂತು.

ಇದನ್ನ 1987ರಲ್ಲಿ ಯಾರ್ ತಾನೇ ಊಹೆ ಮಾಡ್ತಿದ್ರು?

ಭಾಗ 6

ಊಹೆ ಮಾಡಿದ ಒಬ್ಬರು ಇದಾರೆ, ಬೇರೆ ವಿಷಯದಲ್ಲಿ. 1975ರಲ್ಲಿ ಕೊಡ್ಯಾಕ್ ಎಂಜಿನಿಯರ್ ಸ್ಟೀವ್ ಸ್ಯಾಸನ್ ಡಿಜಿಟಲ್ ಕ್ಯಾಮೆರಾ ಕಟ್ಟಿದ್ರು. 10,000 ಪಿಕ್ಸೆಲ್, ಕಪ್ಪು ಬಿಳುಪು, ಒಂದು ಫೋಟೋ ಕ್ಯಾಸೆಟ್ಟಿಗೆ ಇಳಿಯೋಕೆ 23 ಸೆಕೆಂಡ್. ಇದು ಫಿಲ್ಮಿಗೆ ಸರಿಸಾಟಿ ಆಗೋದು ಯಾವಾಗ ಅಂತ ಮ್ಯಾನೇಜರ್‌ಗಳು ಕೇಳಿದಾಗ 15ರಿಂದ 20 ವರ್ಷ ಅಂದ್ರು. ಹೆಚ್ಚು ಕಡಿಮೆ ಹಂಗೇ ಆಯ್ತು. ಕಂಪನಿ ಏನಾಯ್ತು ಅಂತ ನಿಮಗೆಲ್ಲ ಗೊತ್ತು, ಕೇಸ್ ಸ್ಟಡೀಲಿ ಓದಿದೀವಿ, 2012ರ ಜನವರಿ.

ಪ್ರಾಮಾಣಿಕವಾಗಿ ಹೇಳ್ಬೇಕಂದ್ರೆ ಕಾದೋರಿಗೆ ಲಾಭ ಆದ ಕಾಲವೂ ಇದೆ. 1999ರಲ್ಲಿ ನಿಕಾನ್ ಡಿ1 ಬಂದಾಗ 2.7 ಮೆಗಾಪಿಕ್ಸೆಲ್, ಬೆಲೆ ಸುಮಾರು 5,500 ಡಾಲರ್. 2003ರ ಆಗಸ್ಟಲ್ಲಿ ಕ್ಯಾನನ್ 300ಡಿ ಬಂತು, 6.3 ಮೆಗಾಪಿಕ್ಸೆಲ್, ಬಾಡಿ 899 ಡಾಲರ್. ನಾಲ್ಕೇ ವರ್ಷ! ಆ ನಾಲ್ಕು ವರ್ಷದಲ್ಲಿ ಕಾಯದೇ ಇದ್ದ ಹವ್ಯಾಸಿಗೆ ನಿಜಕ್ಕೂ ಪೆಟ್ಟು ಬಿತ್ತು.

ಅಪ್ಪನೂ ಆಗ ಕಾಯ್ತಾ ಇದ್ರು. ಬೆಲೆ ಇನ್ನೂ ಇಳಿಯುತ್ತೆ ಅಂತ. ಇಳೀತು ಕೂಡ, ಅಪ್ಪನ ಅಂದಾಜು ತಪ್ಪಿರಲಿಲ್ಲ. ಆದ್ರೆ ಬಸ್ ಸ್ಟ್ಯಾಂಡ್ ಹತ್ರದ ಇನ್ನೊಂದು ಸ್ಟುಡಿಯೋದವರು 2004ರಲ್ಲೇ ಡಿಜಿಟಲ್ ತಗೊಂಡು ಮದುವೆ ಮುಗಿದ ವಾರಕ್ಕೆ ಸಿಡಿ ಕೊಡೋಕೆ ಶುರು ಮಾಡಿದ್ರು. ಅಪ್ಪನ ಆರ್ಡರ್ ಪುಸ್ತಕ ಈಗ ನನ್ನ ಹತ್ರ ಇದೆ. 2003ರ ಪುಟಗಳು ತುಂಬಿವೆ. 2006ರಲ್ಲಿ ಅರ್ಧಕ್ಕಿಂತ ಕಡಿಮೆ. 2007ರಲ್ಲಿ ಅಪ್ಪ ಡಿಜಿಟಲ್ ತಗೊಂಡ್ರು, ಒಳ್ಳೇ ಬೆಲೆಗೇ. ಎರಡು ವರ್ಷ ಎಳೆದು ಸ್ಟುಡಿಯೋ ಮುಚ್ಚಿದ್ರು. ಉಳಿಸಿದ ದುಡ್ಡನ್ನೂ ಹೋದ ಆರ್ಡರ್‌ಗಳನ್ನೂ ಎದುರಾಬದುರು ಬರೆದು ನೋಡಿದೆ, ಟ್ರಯಲ್ ಬ್ಯಾಲೆನ್ಸ್ ಥರ. ಅಪ್ಪನಿಗೆ ತೋರಿಸಲಿಲ್ಲ.

ಇನ್ನೊಂದು ಸಣ್ಣ ವಿಷಯ. ಮೂಡಿಗೆರೆಯ ಕಾಡಲ್ಲಿ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡ್ಕೊಂಡು ಅಲೀತಿದ್ದ ಪೂರ್ಣಚಂದ್ರ ತೇಜಸ್ವಿ ತೀರ್ಕೊಂಡಿದ್ದು 2007ರ ಏಪ್ರಿಲಲ್ಲಿ. ಆಗಿನ್ನೂ ಜಿ1 ಬಂದಿರಲಿಲ್ಲ. ಇವತ್ತಿನ ಕ್ಯಾಮೆರಾ ಹಕ್ಕಿಯ ಕಣ್ಣನ್ನ ತಾನೇ ಹುಡುಕಿ ಫೋಕಸ್ ಮಾಡುತ್ತೆ. ಅಂಥದ್ದೊಂದು ಅವರ ಕೈಗೆ ಸಿಕ್ಕಿದ್ರೆ ಅಂತ ಎಷ್ಟೋ ಸಲ ಅನ್ಸಿದೆ. ಆದ್ರೆ ಅವರು ಅದಕ್ಕೆ ಕಾದು ಕೂರಲಿಲ್ಲವಲ್ಲ.

ಭಾಗ 7

ಸರಿ, ನನ್ನ ಕಥೆ.

2018ರಲ್ಲಿ ನಿಕಾನ್ ಝೆಡ್, ಕ್ಯಾನನ್ ಆರ್‌ಎಫ್ ಅಂತ ಇಬ್ಬರೂ ಹೊಸ ಮಿರರ್‌ಲೆಸ್ ಮೌಂಟ್ ತಂದ್ರು. ಮತ್ತೆ 1987. ಹಂಗಾಗಿ ಹಳೇ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್ ಹ್ಯಾಂಡಲ್ಲಿ ತುಂಬಾ ಅಗ್ಗ. ನನ್ನ ದುಡ್ಡಿಗೆ ಒಳ್ಳೇ ಡಿಎಸ್‌ಎಲ್‌ಆರೂ ಎರಡು ಲೆನ್ಸೂ ಬರ್ತಿತ್ತು. ಮೊದಲು ಅದೇ ಅಂದ್ಕೊಂಡಿದ್ದೆ, ಫ್ರೆಂಡ್ಸ್ ಎಲ್ಲ ಅದನ್ನೇ ಹೇಳಿದ್ರು, ತಪ್ಪೇನಿಲ್ಲ. ಆದ್ರೆ ದೊಡ್ಡಪ್ಪನ 50 ಎಂಎಂ ಅದರಲ್ಲಿ ಸರಿಯಾಗಿ ಕೆಲಸ ಮಾಡಲ್ಲ, ಆ 2 ಮಿಲಿಮೀಟರ್ ಲೆಕ್ಕ.

ಕೊನೆಗೆ ಹೊಸದಕ್ಕೂ ಕಾಯಲಿಲ್ಲ, ಡಿಎಸ್‌ಎಲ್‌ಆರೂ ಬೇಡ ಅಂದೆ. ಸೆಕೆಂಡ್ ಹ್ಯಾಂಡ್ ಸೋನಿ ಎ6000 ತಗೊಂಡೆ. 2014ರ ಮಾಡೆಲ್, ನಾನಾಗ ಮೂರನೇ ಕ್ಲಾಸ್. 24 ಮೆಗಾಪಿಕ್ಸೆಲ್, 16-50 ಕಿಟ್ ಲೆನ್ಸ್, ಒಂದು ಎಫ್‌ಡಿ ಅಡಾಪ್ಟರ್ ಉಂಗುರ, ಎರಡು ಬ್ಯಾಟರಿ. 38 ಸಾವಿರದಲ್ಲಿ ಪ್ರಿಂಟ್ ಹಾಕಿಸೋಕೂ ಸ್ವಲ್ಪ ಉಳಿದಿದೆ.

ಕೊರತೆ ಇಲ್ವಾ? ಇದೆ. ಇದರ ಸೆನ್ಸರ್ ಫಿಲ್ಮಿಗಿಂತ ಚಿಕ್ಕದು, ಹಂಗಾಗಿ 50 ಎಂಎಂ ಲೆನ್ಸು 75ರ ಥರ ಕಾಣುತ್ತೆ. ಕಿರಿದಾದ ಬೀದೀಲಿ ಎದುರು ಗೋಡೆಗೆ ಬೆನ್ನು ಹಚ್ಚಿ ನಿಂತ್ರೂ ಇಡೀ ಅಂಗಡಿ ಫ್ರೇಮಿಗೆ ಬರಲ್ಲ. ಅಂಗಡಿ ಮುಂಭಾಗಕ್ಕೆ ಕಿಟ್ ಲೆನ್ಸ್, ಒಳಗೆ ಕೂತಿರೋರಿಗೆ ದೊಡ್ಡಪ್ಪನ ಲೆನ್ಸ್ ಅಂತ ಮಾಡ್ಕೊಂಡಿದೀನಿ. ಅದರ ಒಳಗೆ ಅಂಚಲ್ಲಿ ಸ್ವಲ್ಪ ಫಂಗಸ್ ಇದೆ. ಫೋಕಸ್ ಕೈಯಲ್ಲೇ ತಿರುಗಿಸ್ಬೇಕು, ಮೊದಲ ದಿನದ ಇಪ್ಪತ್ತರಲ್ಲಿ ಹದಿಮೂರು ಬ್ಲರ್. ಅಪ್ಪ ತಗೊಂಡು ತೆಗೆದ್ರು, ಒಂದೂ ಬ್ಲರ್ ಇಲ್ಲ. ಕ್ಯಾಮೆರಾ ಹಿಂದೆ ಮುಂದೆ ತಿರುಗಿಸಿ ನೋಡಿ "ಇದಕ್ಕೆ ತೂಕಾನೇ ಇಲ್ವಲ್ಲೋ" ಅಂದ್ರು.

ಮುಂದಿನ ವರ್ಷ ಇದಕ್ಕಿಂತ ಒಳ್ಳೇದು ಇದೇ ಬೆಲೆಗೆ ಸಿಗುತ್ತೆ. ನೀವು ಸುಮ್ಮನೆ ಟ್ರಿಪ್ಪಿಗೆ ಅಂತ ಕ್ಯಾಮೆರಾ ನೋಡ್ತಿದ್ರೆ ಕಾಯಿರಿ, ನಾನೇ ಹೇಳ್ತೀನಿ. ನನ್ನ ಬೀದಿಗೆ ಮಾತ್ರ ಕೆಂಪು ಗುರುತು ಬಿದ್ದಾಗಿದೆ.

ಶನಿವಾರ ಭಾನುವಾರ ಊರಲ್ಲಿರ್ತೀನಿ. ಮೊದಲು ಗಿರಣಿ, ಯಾಕಂದ್ರೆ ಅವರು ಆಗ್ಲೇ ಮಷೀನ್ ಬಿಚ್ಚೋಕೆ ಜನ ಹುಡುಕ್ತಿದಾರೆ. ಆಮೇಲೆ ಗ್ರಂಥಿಗೆ ಅಂಗಡಿ, ಅದರ ಬಾಗಿಲ ಹಲಗೆಗಳನ್ನ ಬೆಳಿಗ್ಗೆ ಏಳಕ್ಕೆ ಒಂದೊಂದಾಗಿ ತೆಗೀತಾರೆ, ಅದು ಸಿಗ್ಬೇಕು. ಅಪ್ಪನ ಮಳಿಗೆಯಲ್ಲಿ ಈಗ ಮೊಬೈಲ್ ರೀಚಾರ್ಜ್ ಅಂಗಡಿ ಇದೆ, ಒಳಗೆ ಡಾರ್ಕ್‌ರೂಮಿನ ಸಿಂಕ್ ಇನ್ನೂ ಹಂಗೇ ಇದೆಯಂತೆ, ತೆಗೆಯೋಕೆ ಬಿಡ್ತೀನಿ ಅಂದಿದಾರೆ.

ನಮ್ಮೂರಿನ ಫ್ರೆಂಡ್ಸ್ ಯಾರಾದ್ರೂ ಇದನ್ನ ಓದ್ತಿದ್ರೆ ಒಂದು ಸಹಾಯ. ನಿಮ್ಮನೆ ಆಲ್ಬಮಲ್ಲಿ ಪೇಟೆ ಬೀದಿ ಹಿಂದೆ ಕಾಣೋ ಹಳೇ ಫೋಟೋ ಇದ್ರೆ, ಮದುವೆ ಮೆರವಣಿಗೆದೋ ಜಾತ್ರೆದೋ, ಒಂದು ಕಾಪಿ ಕಳ್ಸಿ. ಹಿಂದುಗಡೆ ಅಪ್ಪನ ಸ್ಟುಡಿಯೋ ಸೀಲ್ ಇದ್ರೆ ಅದರದ್ದೂ ಒಂದು ಫೋಟೋ ಕಳ್ಸಿ. ಫೋನಲ್ಲಿ ತೆಗೆದ್ರೂ ನಡೆಯುತ್ತೆ.